ಕೊಡಗಿನ ಚಳಿಯ ಲೆಕ್ಕ ಕೆನಡಾಕ್ಕೆ ಸಾಲದು

ಮಾನ್ಯ ಸಂಪಾದಕರೇ,

ಕಾಫಿ ಮಾರಿದ ಹಣ ಸೇರಿಸಿ, ಸಾಲದ್ದಕ್ಕೆ ಬ್ಯಾಂಕ್ ಸಾಲ ಮಾಡಿ ಮಕ್ಕಳನ್ನು ಕೆನಡಾಕ್ಕೆ ಓದಲು ಕಳುಹಿಸುವ ಕುಟುಂಬಗಳು ನಮ್ಮ ಜಿಲ್ಲೆಯಲ್ಲಿವೆ. ಕಾಲೇಜು, ಶುಲ್ಕ, ವೀಸಾ ಕುರಿತು ಹೇಳುವವರು ಬೇಕಾದಷ್ಟಿದ್ದಾರೆ. ಬ್ರಾಂಡನ್, ಮೂಸ್ ಜಾ, ಥಂಡರ್ ಬೇಯಂಥ ಸಣ್ಣ ನಗರಗಳಲ್ಲಿ ದಿನ ಕಳೆಯುವುದು ಹೇಗೆಂದು ಹೇಳುವವರು ಕಡಿಮೆ. ಜನವರಿ ತರಗತಿಗೆ ಸೇರುವವರು ಇಲ್ಲಿ ಕಾಫಿ ಕೊಯ್ಲಿನ ನಡುವೆ ಹೊರಟು ಅಲ್ಲಿ ವರ್ಷದ ಕಡುಚಳಿಯಲ್ಲೇ ಇಳಿಯುತ್ತಾರೆ. ಮಡಿಕೇರಿಯ ಮಳೆ, ಚಳಿ ಉಂಡವರಿಗೆ ಅದೇನು ಮಹಾ ಎಂಬ ಧೈರ್ಯವೇ ಅಪಾಯ.

ನಮ್ಮದು ಒದ್ದೆ ಚಳಿ, ಅಲ್ಲಿನದು ಒಣ ಚಳಿ. ಹವಾಮಾನ ವರದಿಯಲ್ಲಿ ತಾಪಮಾನವಷ್ಟೇ ಅಲ್ಲ, ಗಾಳಿಯನ್ನೂ ಸೇರಿಸಿ ಹೇಳುವ ವಿಂಡ್ ಚಿಲ್ ನೋಡಬೇಕು. ಅದು ಮೈನಸ್ 28ಕ್ಕೆ ಇಳಿದರೆ ಮುಚ್ಚದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಮೈನಸ್ 40 ಆದರೆ 5ರಿಂದ 10 ನಿಮಿಷ ಸಾಕು. ಒಂದು ಬಸ್ಸು ತಪ್ಪಿದರೆ ಅಷ್ಟು ಹೊತ್ತು ನಿಂತೇ ಇರಬೇಕಾಗುತ್ತದೆ. ಸಣ್ಣ ನಗರಗಳಲ್ಲಿ ರಾತ್ರಿ ಮತ್ತು ಭಾನುವಾರ ಬಸ್ಸು ವಿರಳ. ರೂಮು ಹಿಡಿಯುವ ಮೊದಲೇ ವೇಳಾಪಟ್ಟಿ ನೋಡಿಕೊಳ್ಳಲಿ.

ಪೆಟ್ಟಿಗೆ ತುಂಬ ಹತ್ತಿ ಬಟ್ಟೆ ಕಟ್ಟಿಕೊಡಬೇಡಿ. ಹತ್ತಿ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಮೈ ತಣ್ಣಗಾಗುತ್ತದೆ. ಮೈಗೆ ಅಂಟಿ ಉಣ್ಣೆ ಅಥವಾ ಪಾಲಿಯೆಸ್ಟರ್, ಅದರ ಮೇಲೆ ಫ್ಲೀಸ್ ಎಂಬ ಮೆತ್ತನೆಯ ಬೆಚ್ಚನೆ ಬಟ್ಟೆ, ಹೊರಗೆ ಗಾಳಿ ತಡೆಯುವ ಜಾಕೆಟ್ ಬೇಕು. ಬೂಟು, ಜಾಕೆಟ್ ಅಲ್ಲೇ ಕೊಳ್ಳುವುದು ಮೇಲು. ಬೆರಳು ಬಿಡಿಬಿಡಿಯಾದ ಗ್ಲೌಸಿಗಿಂತ ನಾಲ್ಕು ಬೆರಳೂ ಒಟ್ಟಿಗಿರುವ ಕೈಗವಸು (ಮಿಟನ್) ಹೆಚ್ಚು ಬೆಚ್ಚಗಿಡುತ್ತದೆ.

ಅತಿ ಮುಖ್ಯವಾದದ್ದು ಕೆಂಡದ ವಿಷಯ. ಮಳೆಗಾಲದಲ್ಲಿ ಅಗ್ಗಿಷ್ಟಿಕೆ ಇಟ್ಟುಕೊಳ್ಳುವ ರೂಢಿ ನಮ್ಮಲ್ಲಿದೆ; ಹಂಚಿನ ಸಂದಿನಿಂದ ಗಾಳಿ ಆಡುವುದರಿಂದ ಹೇಗೋ ನಡೆಯುತ್ತದೆ. ಅಲ್ಲಿನ ಮನೆಗಳನ್ನು ಶಾಖ ಸೋರದಂತೆ ಬಿಗಿಯಾಗಿ ಕಟ್ಟಿರುತ್ತಾರೆ. ಒಳಗೆ ಇದ್ದಿಲು ಉರಿಸಿದರೆ, ಬಾಗಿಲು ಹಾಕಿದ ಗ್ಯಾರೇಜಿನಲ್ಲಿ ಕಾರು ಚಾಲೂ ಮಾಡಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ, ತಲೆನೋವು, ವಾಕರಿಕೆ ಬಂದಾಗ ಜ್ವರವೆಂದು ಮಲಗಿದವರು ಏಳದೇ ಹೋಗಬಹುದು. ಮನೆ ಬಿಸಿ ಮಾಡುವ ಗ್ಯಾಸ್ ಫರ್ನೇಸಿನ ಹೊಗೆ ಕೊಳವೆ ಅನೇಕ ಮನೆಗಳಲ್ಲಿ ಪಕ್ಕದ ಗೋಡೆಯಿಂದ ಹೊರಬರುತ್ತದೆ. ದೊಡ್ಡ ಹಿಮ ಬಿದ್ದ ಮೇಲೆ ಅದರ ಬಾಯಿ ಬಿಡಿಸಬೇಕು. ಮಲಗುವ ಕೋಣೆಯ ಹತ್ತಿರ ಈ ಅನಿಲ ಪತ್ತೆ ಹಚ್ಚುವ ಅಲಾರಂ ಇದೆಯೇ ಎಂದು ಮೊದಲ ದಿನವೇ ನೋಡಲಿ. ಅದು ಕೂಗಿದರೆ ಹೊರಗೆ ಬಂದು ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಬೇಕು.

ಬಿಲ್ಲು ಉಳಿಸಲು ಹೀಟರ್ ಪೂರ್ತಿ ಆರಿಸಿ ರಜೆಗೆ ಹೋಗುವುದೂ ತಪ್ಪು. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ 9ರಷ್ಟು ಹಿಗ್ಗಿ ಪೈಪು ಒಡೆಯುತ್ತದೆ, ಕರಗಿದಾಗ ಮನೆಯೆಲ್ಲ ನೀರು. ಹೊರಗೋಡೆಗೆ ತಾಗಿದ ಸಿಂಕಿನ ಕೆಳಗಿನ ಬಾಗಿಲು ತೆರೆದಿಟ್ಟರೆ ಪೈಪಿಗೆ ಕೋಣೆಯ ಶಾಖ ತಲುಪುತ್ತದೆ. ಒಗೆದ ಬಟ್ಟೆಗೆ ಮಾತ್ರ ನಮ್ಮ ಆಷಾಢದ ಪಾಡಿಲ್ಲ: ಕೋಣೆಯಲ್ಲೇ ಹರವಿದರೆ ಬೇಗ ಒಣಗುತ್ತದೆ, ಮೂಗು ಒಡೆಸುವ ಒಣಗಾಳಿಗೂ ಒಂದಿಷ್ಟು ತೇವ ಸಿಗುತ್ತದೆ.

ಮನೆಯ ಮುಂದಿನ ಕಾಲುದಾರಿಯ ಹಿಮ ತೆಗೆಯುವುದು ಹಲವು ನಗರಗಳಲ್ಲಿ ಆ ಮನೆಯವರ ಹೊಣೆ, ತಪ್ಪಿದರೆ ದಂಡ. ಅದು ಮಾಲೀಕರದೋ ಬಾಡಿಗೆದಾರರದೋ ಎಂಬುದು ಕರಾರಿನಲ್ಲಿ ಬರೆದಿರಲಿ. ಹಿಮವನ್ನು ಎತ್ತಿ ಎಸೆಯದೆ ಸಾಧ್ಯವಾದಷ್ಟೂ ತಳ್ಳಬೇಕು. ಮೊಮ್ಮಕ್ಕಳನ್ನು ನೋಡಲು ಹೋಗುವ ಹೃದ್ರೋಗಿ ಹಿರಿಯರು ಆ ಸಲಿಕೆ ಮುಟ್ಟಲೇಬಾರದು. ಪಕ್ಕದ ವೃದ್ಧರ ಮನೆ ಮುಂದೆಯೂ ನಾಲ್ಕು ಸಲ ತಳ್ಳಿಕೊಟ್ಟರೆ ನೆರೆಯವರು ತಾವಾಗಿಯೇ ಮಾತಿಗೆ ಬರುತ್ತಾರೆ.

ಮನೆ ನೋಡದೆ ಇಲ್ಲಿಂದಲೇ ಮುಂಗಡ ಕಳುಹಿಸಬೇಡಿ. ನಿಯಮ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬೇರೆ: ಒಂಟಾರಿಯೊದಲ್ಲಿ ಕೊನೆಯ ತಿಂಗಳ ಬಾಡಿಗೆಯನ್ನಷ್ಟೇ ಮುಂಗಡವಾಗಿ ಕೇಳಬಹುದು, ಮ್ಯಾನಿಟೋಬಾದಲ್ಲಿ ಅರ್ಧ ತಿಂಗಳದ್ದು, ಕ್ವಿಬೆಕ್‌ನಲ್ಲಿ ಠೇವಣಿಯನ್ನೇ ಕೇಳುವಂತಿಲ್ಲ. ಆರೋಗ್ಯ ವಿಮೆಯೂ ಹೀಗೆಯೇ: ಸಸ್ಕಾಚೆವಾನ್ ವಿದೇಶಿ ವಿದ್ಯಾರ್ಥಿಗಳಿಗೆ ಸರ್ಕಾರಿ ವಿಮೆ ಕೊಡುತ್ತದೆ, ಮ್ಯಾನಿಟೋಬಾ 2018ರಲ್ಲಿ ಅದನ್ನು ನಿಲ್ಲಿಸಿತು. ಶುಲ್ಕ ಕಟ್ಟುವ ಮುಂಚೆ ಏಜೆಂಟರಿಂದ ಇದಕ್ಕೆ ಲಿಖಿತ ಉತ್ತರ ಪಡೆಯಿರಿ.

— ಒಬ್ಬ ಓದುಗ, ಸೋಮವಾರಪೇಟೆ