ನಕ್ಷತ್ರ ಆಮೆ ಸಾಕಿರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಕೆಲವು ಮನೆಗಳಲ್ಲಿ ಅದೃಷ್ಟ ಬರುತ್ತೆ ಅಂತ ನಕ್ಷತ್ರ ಆಮೆ ಸಾಕಿದ್ದಾರಂತೆ. ಕಪ್ಪು ಚಿಪ್ಪಿನ ಉಬ್ಬುಗಳ ಮೇಲೆ ಹಳದಿ ಗೆರೆಗಳಿರುತ್ತವಲ್ಲ, ಅದೇ. ಅದೃಷ್ಟ ಬಂದವರನ್ನು ನಾನಂತೂ ನೋಡಿಲ್ಲ! ಆದರೆ ಇದನ್ನು ಹಿಡಿದು ಸಾಕುವುದು ಕಾನೂನು ಪ್ರಕಾರ ಅಪರಾಧ. ಕಳ್ಳಸಾಗಣೆ ಜಾಸ್ತಿಯಾಗಿ 2019ರಲ್ಲಿ ದೇಶದೇಶಗಳ ನಡುವಿನ ವ್ಯಾಪಾರವನ್ನೂ ನಿಷೇಧಿಸಿದ್ದಾರೆ.

ಭಯಪಟ್ಟು ಕುಕ್ಕರಹಳ್ಳಿ ಕೆರೆಗೆ ಮಾತ್ರ ಬಿಡಬೇಡಿ. ಇದು ಒಣ ಕುರುಚಲು ಕಾಡಿನ ಪ್ರಾಣಿ, ನೀರಲ್ಲಿ ಮುಳುಗಿ ಸಾಯುತ್ತೆ. ಚಾಮುಂಡಿ ಬೆಟ್ಟಕ್ಕೂ ಬೇಡ, ಮನೆ ಆಮೆಯ ಕಾಯಿಲೆ ಅಲ್ಲಿನ ಜೀವಿಗಳಿಗೆ ಹರಡಬಹುದು.

ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಅವರು ಹೇಳಿದಂತೆ ಒಪ್ಪಿಸಿ. ಒಬ್ಬರೇ ಹೋಗಲು ಹಿಂಜರಿಕೆಯಾದರೆ ಶನಿವಾರದೊಳಗೆ ನನಗೆ ತಿಳಿಸಿ, ಸೋಮವಾರ ಬೆಳಿಗ್ಗೆ 10ಕ್ಕೆ ಜೊತೆಗೆ ಬರುತ್ತೇನೆ. ಗುಂಪಿನಲ್ಲಿ ಯಾರ ಹೆಸರೂ ಬೇಡ, ಫೋಟೋನೂ ಬೇಡ. ನನಗೊಬ್ಬನಿಗೇ ಮೆಸೇಜ್ ಹಾಕಿ.