ಸುರಪುರದ ಕಾದಂಬರಿ ಬರೆಯುತ್ತಿರುವ ಮಗಳಿಗೆ

ಸುರಪುರ, ಯಾದಗಿರಿ ಜಿಲ್ಲೆ

ಪ್ರೀತಿಯ ನನ್ನವ್ವಾ,

ಕಾದಂಬರಿಯ ಮೊದಲ ಮೂರು ಅಧ್ಯಾಯ ಓದಿ ಮುಗಿಸಿದೆ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಎದ್ದ ಸುರಪುರದ ಬಂಡಾಯವನ್ನೇ ಆರಿಸಿಕೊಂಡೆಯಲ್ಲ, ಬಹಳ ಸಂತೋಷವಾಯಿತು. ಸಾಹಸದ ಕಥೆಯಲ್ಲಿ ಎದೆ ಢವಢವ ಎನ್ನಬೇಕಾದರೆ ಹೊತ್ತು, ದಾರಿ, ಕುದುರೆಯ ದಣಿವು ಮೂರೂ ಲೆಕ್ಕಕ್ಕೆ ಕೂಡಬೇಕು. ನಿನ್ನಲ್ಲಿ ಇನ್ನೂ ಕೂಡಿಲ್ಲ.

ಫೆಬ್ರವರಿ 7ರ ರಾತ್ರಿ ಬ್ರಿಟಿಷ್ ಬಿಡಾರದ ಮೇಲಿನ ದಾಳಿಗೆ ನೀನು ಬೆಳದಿಂಗಳು ಹಚ್ಚಿದ್ದೀ. ಅಂದು ಕೃಷ್ಣಪಕ್ಷ, ಅಮಾವಾಸ್ಯೆಗೆ ಐದಾರು ದಿನ ಬಾಕಿ. ಚಂದ್ರ ಮೂಡಿದ್ದು ಸರಿರಾತ್ರಿ ದಾಟಿ ಎರಡರ ಸುಮಾರಿಗೆ. ಅಲ್ಲಿತನಕ ಗುಡ್ಡದ ಬಂಡೆಗಳ ನಡುವೆ ಗವ್ವೆನ್ನುವ ಕತ್ತಲೆ. ಈ ಕತ್ತಲೆಯೇ ನಿನಗೆ ದೊಡ್ಡ ಆಸ್ತಿ, ಯಾಕೆಂದರೆ ನಿನ್ನ ಬೇಡ ವೀರನ ಕೈಯಲ್ಲಿರುವುದು ಬತ್ತಿ ಬಂದೂಕ. ಅಳತೆಯ ಮದ್ದು ನಳಿಗೆಗೆ ಸುರಿಯಬೇಕು, ಗುಂಡು ಬಿಟ್ಟು ಗಜದ ಸಲಾಕೆಯಿಂದ ಜಡಿಯಬೇಕು, ಬಂದೂಕದ ಕಿವಿಯ, ಅಂದರೆ ಬೆಂಕಿ ಒಳಹೋಗುವ ತೂತಿನ, ಬಟ್ಟಲಿಗೆ ಚಿಟಿಕೆ ನುಣ್ಣನೆ ಮದ್ದು ಹಾಕಿ ಮುಚ್ಚಬೇಕು, ಆಮೇಲೆ ಉರಿಯುವ ಬತ್ತಿಯನ್ನು ಕೊಕ್ಕೆಗೆ ಸಿಕ್ಕಿಸಿ ಊದಬೇಕು. ನುರಿತವನಿಗೂ ಅರ್ಧ ನಿಮಿಷದ ಮೇಲೆ ಹಿಡಿಯುತ್ತದೆ. ನೀನು ಒಂದೇ ಉಸಿರಿಗೆ ಆರು ಗುಂಡು ಹಾರಿಸಿದ್ದೀ! ಗಾಳಿ ಬೀಸಿದರೆ ಬಟ್ಟಲಿನ ಮದ್ದು ಹಾರಿಹೋಗುತ್ತದೆ, ಇಬ್ಬನಿ ಬಿದ್ದರೆ ತೇವ ಹಿಡಿಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಬತ್ತಿಯ ಕೆಂಪು ಚುಕ್ಕೆ. ಕತ್ತಲಲ್ಲಿ ಅದು ದೂರಕ್ಕೂ ಕಾಣುತ್ತದೆ, ಅಂಗೈಯ ಮರೆಯಲ್ಲಿ ಹಿಡಿದು ತೆವಳಬೇಕು. ಒಬ್ಬನ ಕೈ ಒಮ್ಮೆ ಜಾರಿದರೆ ಸಾಕು, ನಿನ್ನ ಅಧ್ಯಾಯ ತಿರುಗುತ್ತದೆ.

ಮರುದಿನದ ಕಾಳಗದಲ್ಲಿ ಬ್ರಿಟಿಷರ ಕ್ಯಾಪ್ಟನ್ ನ್ಯೂಬೆರಿ ಸತ್ತದ್ದು ದಾಖಲಾದ ಸಂಗತಿ. ಅವನನ್ನು ಮುಂದಿನ ಅಧ್ಯಾಯಕ್ಕೆ ಉಳಿಸಿಕೊಳ್ಳಬೇಡ. ಮೊದಲು ಇಲ್ಲಿಯ ಆಡಳಿತ ನೋಡಿಕೊಳ್ಳುತ್ತಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1853ರಲ್ಲೇ ಸುರಪುರ ಬಿಟ್ಟಿದ್ದ. ಅವನನ್ನೂ ಕೋಟೆ ಬಾಗಿಲಿನಿಂದ ತೆಗೆ.

ಇನ್ನು ಕಾಳಗದ ಬಳಿಕ ರಾಜಾ ವೆಂಕಟಪ್ಪ ನಾಯಕರು ಹೈದರಾಬಾದಿಗೆ ಹೊರಟ ದಾರಿ. 200 ಕಿಲೋಮೀಟರಿಗೂ ಹೆಚ್ಚು, ನೀನು ಒಂದೇ ರಾತ್ರಿಯಲ್ಲಿ ಮುಗಿಸಿದ್ದೀ. ಒಂದೇ ಕುದುರೆಯ ಮೇಲೆ ದಿನಕ್ಕೆ 50-60 ಕಿಲೋಮೀಟರ್ ಹೋದರೇ ಹೆಚ್ಚು. ಅದಕ್ಕೂ ಮೀರಿ ಓಡಿಸಿದರೆ ತಡಿ ಉಜ್ಜಿ ಬೆನ್ನು ಹುಣ್ಣಾಗುತ್ತದೆ, ಲಾಳ ಸಡಿಲಾಗಿ ಕುಂಟುತ್ತದೆ. ನಾಲ್ಕು ದಿನವಾದರೂ ಕೊಡು. ನಡುವೆ ಭೀಮೆ ಅಡ್ಡ ಬರುತ್ತಾಳೆ. ಫೆಬ್ರವರಿಯಲ್ಲಿ ನೀರು ಇಳಿದಿರುತ್ತದೆ, ಹರಿಗೋಲಿಲ್ಲದೆಯೂ ಹಾಯಬಹುದಾದ ಕಡೆ ಸಿಗುತ್ತವೆ, ಆದರೆ ಕಲ್ಲಿನ ಪಾಚಿಯ ಮೇಲೆ ಗೊರಸು ಜಾರುತ್ತದೆ. ಅಡಗಿಕೊಳ್ಳಲು ಹಿಂಗಾರಿ ಜೋಳದ ಹೊಲ ಹಾಕಿದ್ದು ಒಳ್ಳೆಯ ಯೋಚನೆ. ಆದರೆ ಆ ಹೊತ್ತಿಗೆ ಎಲೆ ಒಣಗಿ ಭುಜ ತಾಗಿದರೂ ಸರಸರ ಎನ್ನುತ್ತದೆ. ಕೊಯ್ಲು ಮುಗಿದ ಹೊಲದಲ್ಲಿ ಬರೀ ಕೂಳೆ, ಮರೆಯೇ ಇಲ್ಲ. ಬುತ್ತಿಗೆ ಕಟಕ್ ರೊಟ್ಟಿ, ಅಗಸಿ ಹಿಂಡಿ ಕಟ್ಟು. ಚಹಾ ತೆಗೆ, ಬೆಂಕಿಕಡ್ಡಿಯ ಬದಲು ಚಕಮಕಿ ಕೊಡು. ರೈಲು ಈ ಸೀಮೆಗೆ ಇನ್ನೂ ಬಂದಿರಲಿಲ್ಲ.

ಕೊನೆಗೆ ಹೈದರಾಬಾದಿನಲ್ಲಿ ಸೆರೆಸಿಕ್ಕ ರಾಜರನ್ನು ಬಿಡಿಸಿಕೊಂಡು ಹೋಗುವ ಆಸೆ ನಿನ್ನ ಬರವಣಿಗೆಯಲ್ಲಿ ಕಾಣುತ್ತದೆ. ಬೇಡವ್ವಾ. ಅದೇ ವರ್ಷ ಮೇ ತಿಂಗಳಲ್ಲಿ ಸೆರೆಯಾಳಾಗಿ ಕರೆದೊಯ್ಯುತ್ತಿದ್ದ ದಾರಿಯಲ್ಲೇ ಗುಂಡೇಟಿನಿಂದ ತೀರಿಕೊಂಡರು. ಆತ್ಮಹತ್ಯೆ ಎಂದು ಆಳುವವರು ಬರೆದರು, ಕೊಲೆ ಎಂದು ನಮ್ಮ ಕಡೆಯವರು ಹೇಳುತ್ತಾರೆ. ನಿನ್ನ ಕಲ್ಪನೆಯ ಸವಾರನನ್ನು ಆ ದಾರಿಯಲ್ಲೇ ನಿಲ್ಲಿಸು. ಗುಂಡಿನ ಸದ್ದು ಕೇಳಲಿ, ಹಾರಿಸಿದ ಕೈ ಮಾತ್ರ ಅವನಿಗೆ ಕಾಣದಿರಲಿ.

ತಿದ್ದಿದ ಮೇಲೆ ನಾಲ್ಕನೆಯ ಅಧ್ಯಾಯದ ಜೊತೆಗೇ ಕಳಿಸು.

ನಿನ್ನ ಅಪ್ಪ