ಹಡಗು ಹೊರಡುವ ಹಿಂದಿನ ದಿನವೇ ತಲುಪಬೇಕು: ಹೊಸ ಕ್ರಮದ ಬಗ್ಗೆ ನಮ್ಮ ಗ್ರಾಹಕರಿಗೆ ಪತ್ರ

ದಾವಣಗೆರೆ
8 ಸೆಪ್ಟೆಂಬರ್ 2025

ಮಾನ್ಯ ಗ್ರಾಹಕರೇ,

ಬರುವ ದೀಪಾವಳಿಯಿಂದಾಚೆಗೆ, ಹಡಗು ಪ್ರವಾಸಕ್ಕೆ ಹೋಗುವವರಿಗೆ ಹಡಗು ಹೊರಡುವ ದಿನವೇ ಬಂದರಿನ ಊರಿಗೆ ತಲುಪುವಂಥ ವಿಮಾನದ ಟಿಕೆಟನ್ನು ನಮ್ಮ ಪ್ರವಾಸ ಕಚೇರಿಯಲ್ಲಿ ಮಾಡಿಕೊಡುವುದಿಲ್ಲ. ಹಿಂದಿನ ದಿನವೇ ತಲುಪಿ ಆ ರಾತ್ರಿ ಅಲ್ಲಿ ಉಳಿಯಬೇಕು. ಸಿಂಗಪುರವಾದರೂ ಅಷ್ಟೇ, ದುಬೈಯಾದರೂ ಅಷ್ಟೇ, ಮುಂಬೈಯಲ್ಲಿ ಹತ್ತುವ ಹಡಗಾದರೂ ಅಷ್ಟೇ. ಇದರಿಂದ ಸಿಂಗಪುರದ ಪ್ರವಾಸಕ್ಕೆ ತಲೆಗೆ ಸುಮಾರು 8,500 ರೂಪಾಯಿ ಹೆಚ್ಚು ಬೀಳುತ್ತದೆ. ಬೆಲೆ ಏರಿದ ಸುದ್ದಿಯನ್ನು ಪತ್ರದ ಬುಡದಲ್ಲಿ ಸಣ್ಣ ಅಕ್ಷರದಲ್ಲಿ ಬರೆಯುವ ಅಭ್ಯಾಸ ನಮಗಿಲ್ಲ. ಅದಕ್ಕೇ ಮೊದಲು ಅದನ್ನೇ ಹೇಳಿದ್ದೇವೆ.

ಜನವರಿಯಲ್ಲಿ ನಡೆದದ್ದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಗೊತ್ತಿಲ್ಲದವರಿಗೆ ಬೇರೆಯವರು ಉಪ್ಪು ಖಾರ ಹಚ್ಚಿ ಹೇಳಿರುತ್ತಾರೆ. ಆದ್ದರಿಂದ ನಮ್ಮ ಬಾಯಿಂದಲೂ ಒಮ್ಮೆ ಕೇಳಿಬಿಡಿ. ಎರಡು ಮನೆಗಳ 11 ಜನ. ರಾತ್ರಿ ಹನ್ನೊಂದಕ್ಕೆ ಬೆಂಗಳೂರಿನಿಂದ ಏಳಬೇಕಿದ್ದ ವಿಮಾನ ಬೆಳಿಗ್ಗೆ ಎಂಟಕ್ಕೆ ಎದ್ದಿತು. ಸಿಂಗಪುರದಲ್ಲಿ ಇಳಿದಾಗ ಅಲ್ಲಿಯ ಗಡಿಯಾರದಲ್ಲಿ ಮಧ್ಯಾಹ್ನ ಮೂರು. ಪಾಸ್‌ಪೋರ್ಟ್ ತಪಾಸಣೆ, ಲಗೇಜು, ಎರಡು ವ್ಯಾನು ಹಿಡಿಯುವುದು ಎಲ್ಲ ಮುಗಿಸಿ ಬಂದರು ಮುಟ್ಟಿದಾಗ ನಾಲ್ಕೂವರೆ. ಹಡಗು ಐದಕ್ಕೆ. ಹಡಗು ಕಣ್ಣೆದುರಿಗೇ ನಿಂತಿತ್ತು, ಆದರೆ ಹತ್ತಿಸಿಕೊಳ್ಳುವ ಬಾಗಿಲು ಅವರು ಬರುವ ಅರ್ಧ ಗಂಟೆ ಮುಂಚೆಯೇ ಮುಚ್ಚಿತ್ತು. ಅಜ್ಜಿಯೊಬ್ಬರು ಕೈಮುಗಿದು ಕೇಳಿದರಂತೆ. ಅದನ್ನು ಫೋನಿನಲ್ಲಿ ಕೇಳಿದ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ.

ಆ ಟಿಕೆಟ್ ಕೊಟ್ಟವರು ನಾವು. ಒಂದು ರಾತ್ರಿಯ ಖರ್ಚು ಉಳಿಸಿಕೊಡಿ ಎಂದು ಅವರು ಕೇಳಿದ್ದು ನಿಜ. ಬೇಡ ಎಂದು ಎರಡು ಸಲ ಹೇಳಿ ಮೂರನೆಯ ಸಲ ನಾವು ಒಪ್ಪಿದ್ದೂ ನಿಜ. ಗೊತ್ತಿದ್ದವರು ಒಪ್ಪಬಾರದಾಗಿತ್ತು. ಅದಕ್ಕೆ ಆ ಎರಡೂ ಮನೆಯವರ ಕ್ಷಮೆಯನ್ನು ಮುಖತಃ ಕೇಳಿದ್ದೇವೆ, ಇಲ್ಲಿ ಇನ್ನೊಮ್ಮೆ ಕೇಳುತ್ತೇವೆ. ನಮ್ಮ ಸೇವಾ ಶುಲ್ಕವನ್ನು ಪೂರ್ತಿ ಹಿಂದಿರುಗಿಸಿದೆವು, ಅಲ್ಲಿ ಉಳಿದ ಮೂರು ರಾತ್ರಿಗಳ ಅರ್ಧ ಖರ್ಚು ಹೊತ್ತೆವು. ಹಡಗಿನ ಹಣ ಮಾತ್ರ ಬರಲಿಲ್ಲ. ಸಮಯಕ್ಕೆ ಬಾರದವರನ್ನು ಹಡಗು ಕಂಪನಿಗಳು ತಾವಾಗಿ ಪ್ರವಾಸ ಬಿಟ್ಟವರೆಂದು ಬರೆದುಕೊಳ್ಳುತ್ತವೆ. ಅಲ್ಲಿಗೆ ಮಾತು ಮುಗಿಯಿತು. ಈಗ ಅವರಲ್ಲಿ ಒಂದು ಮನೆಯವರು ಮತ್ತೆ ನಮ್ಮಲ್ಲೇ ಡಿಸೆಂಬರಿಗೆ ಮಾಡಿಸಿದ್ದಾರೆ. ಇನ್ನೊಂದು ಮನೆಯವರು ಎದುರಾದರೆ ಮುಖ ತಿರುಗಿಸುತ್ತಾರೆ. ಎರಡಕ್ಕೂ ಕಾರಣವಿದೆ. ಆದರೆ ಸಂಬಂಧವೇ ಇಲ್ಲದವರು ಮಂಡಿಪೇಟೆಯಲ್ಲಿ ನಿಂತು ನಮ್ಮನ್ನು ‘ಹಡಗು ತಪ್ಪಿಸಿದ ಅಂಗಡಿ’ ಎಂದು ಕರೆಯುವುದಿದೆಯಲ್ಲ, ಅದಕ್ಕೆ ಕಾರಣವಿಲ್ಲ.

ಇನ್ನು ಆರು ತಿಂಗಳಿಂದ ಕೇಳುತ್ತಿರುವ ಒಂದೇ ಆಕ್ಷೇಪಣೆಗೆ ಬರುತ್ತೇವೆ. “ಬೆಳಿಗ್ಗೆ ಆರಕ್ಕೆ ಇಳಿಯುತ್ತೇವೆ, ಹಡಗು ಸಂಜೆ ಐದಕ್ಕೆ. ನಡುವೆ ಹನ್ನೊಂದು ಗಂಟೆ ಸಾಲುವುದಿಲ್ಲವೇ? ಹೋಟೆಲಿನ ಕಮಿಷನ್ನಿಗಾಗಿ ಒಂದು ರಾತ್ರಿ ಸೇರಿಸುತ್ತಿದ್ದೀರಿ.” ಇದನ್ನು ಹೇಳಿದವರಲ್ಲಿ ನಮ್ಮ ಸೋದರಮಾವನವರೂ ಇದ್ದಾರೆ.

ಮೊದಲು ಕಮಿಷನ್ನಿನ ಮಾತು. ವಿಮಾನ ಕಂಪನಿಗಳು ಏಜೆಂಟರಿಗೆ ಕೊಡುತ್ತಿದ್ದ ಕಮಿಷನ್ ಬಹುಮಟ್ಟಿಗೆ ನಿಂತುಹೋಗಿ ವರ್ಷಗಳಾದವು. ನಮಗೆ ಲಾಭ ಉಳಿಯುವುದು ಹಡಗಿನ ಕೋಣೆಯ ಮಾರಾಟದಲ್ಲಿ. ಸಿಂಗಪುರದ ಹೋಟೆಲಿನ ಒಂದು ರಾತ್ರಿಯಲ್ಲಿ ನಮಗೆ ದಕ್ಕುವುದು ನಿಮ್ಮ ಮನೆಮಂದಿಗೆಲ್ಲ ಒಂದು ಸಲ ಬೆಣ್ಣೆದೋಸೆ ತಿನ್ನಿಸಿದರೆ ಖರ್ಚಾಗುವಷ್ಟು ಹಣ. ನಂಬಿಕೆ ಇಲ್ಲದಿದ್ದರೆ ಹೋಟೆಲನ್ನು ನೀವೇ ಕಾಯ್ದಿರಿಸಿ. ಅಲ್ಲಿ ಮಗಳ ಮನೆಯಿದ್ದರೆ ಮಗಳ ಮನೆಯಲ್ಲೇ ಉಳಿಯಿರಿ. ನಮಗೆ ಒಂದು ರೂಪಾಯಿಯೂ ಬೇಡ. ಹಿಂದಿನ ದಿನ ತಲುಪುತ್ತೀರಿ ಎಂಬುದೊಂದೇ ನಮಗೆ ಬೇಕಾದದ್ದು.

ಈಗ ಆ ಹನ್ನೊಂದು ಗಂಟೆಯ ಲೆಕ್ಕ. ನಮ್ಮೂರಿನಲ್ಲಿ ವಿಮಾನ ನಿಲ್ದಾಣವಿಲ್ಲ. ದೇವನಹಳ್ಳಿಗೆ ಹಿರಿಯೂರು, ಶಿರಾ, ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ದೊಡ್ಡಬಳ್ಳಾಪುರದ ಕಡೆ ತಿರುಗಿದರೂ ದಾರಿ ಐದು ಗಂಟೆ ಹಿಡಿಯುತ್ತದೆ. ವಿದೇಶದ ವಿಮಾನವಾದರೆ ಮೂರು ಗಂಟೆ ಮುಂಚೆ ಅಲ್ಲಿರಬೇಕು. ರಾತ್ರಿ ಹನ್ನೊಂದರ ವಿಮಾನಕ್ಕೆ ಮನೆಯಿಂದ ಮಧ್ಯಾಹ್ನ ಮೂರರೊಳಗೆ ಹೊರಡಬೇಕು. ಹಾರಾಟ ನಾಲ್ಕೂವರೆ ಗಂಟೆ. ಸಿಂಗಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ನೀವು ‘ಬೆಳಿಗ್ಗೆ ಆರು’ ಎನ್ನುವುದು ನಿಮ್ಮ ದೇಹಕ್ಕೆ ಬೆಳಗಿನ ಜಾವ ಮೂರೂವರೆ. ಹೋಟೆಲ್ ಇಲ್ಲದವರು ಹಡಗಿನ ಬಾಗಿಲು ತೆರೆಯುವವರೆಗೂ ಪೆಟ್ಟಿಗೆಗಳ ಮೇಲೆ ಕೂತು ತೂಕಡಿಸುತ್ತಾರೆ. ಎಲ್ಲ ಸರಿಯಾಗಿ ನಡೆದರೆ ಕಥೆ ಇಷ್ಟು. ನಡೆಯದಿದ್ದರೆ? ವಿಮಾನ ಆರು ಗಂಟೆ ತಡವಾದರೆ ಹಡಗು ಕೈಗೆ ಸಿಕ್ಕರೂ ಸಿಕ್ಕಬಹುದು. ರದ್ದಾಗಿ ಮರುದಿನದ ವಿಮಾನ ಕೊಟ್ಟರೆ ಹಡಗು ಹೋಯಿತೆಂದೇ ಲೆಕ್ಕ. ನವೆಂಬರಿನಿಂದ ಫೆಬ್ರವರಿವರೆಗೆ ದೇವನಹಳ್ಳಿಯ ಮಂಜು ಎಂಥದೆಂದು ಬೆಳಗಿನ ವಿಮಾನ ಹಿಡಿದವರಿಗೆಲ್ಲ ಗೊತ್ತು. ನಮ್ಮವರು ಹಡಗು ಹತ್ತುವುದೂ ಅದೇ ತಿಂಗಳುಗಳಲ್ಲಿ.

ಹುಬ್ಬಳ್ಳಿಯಿಂದಲೋ ಶಿವಮೊಗ್ಗದಿಂದಲೋ ಬೆಂಗಳೂರಿಗೆ ಹಾರಿ ಅಲ್ಲಿ ಬೇರೆ ವಿಮಾನ ಹತ್ತಿದರೆ ಆಗದೇ ಎಂದು ಕೇಳುತ್ತೀರಿ. ಎರಡೂ ಒಂದೇ ಟಿಕೆಟಿನಲ್ಲಿದ್ದರೆ ಆಗುತ್ತದೆ: ಮೊದಲನೆಯದು ತಡವಾದರೆ ಮುಂದಿನದಕ್ಕೆ ಸೇರಿಸುವ ಹೊಣೆ ಕಂಪನಿಯದು. ಮೊಬೈಲಿನಲ್ಲಿ ಅಗ್ಗ ಕಂಡಿತೆಂದು ಬೇರೆ ಬೇರೆಯಾಗಿ ಎರಡು ಟಿಕೆಟ್ ಕೊಂಡಿದ್ದರೆ, ಎರಡನೆಯ ವಿಮಾನದವರಿಗೆ ನೀವು ಯಾರೆಂದೇ ಗೊತ್ತಿರುವುದಿಲ್ಲ.

“ತಪ್ಪಿದರೆ ಹಡಗು ಮುಂದೆ ನಿಲ್ಲುವ ಪೆನಾಂಗಿನಲ್ಲೋ ಫುಕೆಟ್‌ನಲ್ಲೋ ಹೋಗಿ ಹತ್ತಿಕೊಳ್ಳುತ್ತೇವೆ” ಎಂದವರೂ ಇದ್ದಾರೆ. ಹಡಗೇನು ಕೆಂಪು ಬಸ್ಸಲ್ಲ, ಮುಂದಿನ ಸ್ಟಾಪಿನಲ್ಲಿ ಓಡಿ ಹಿಡಿಯಲು. ಹಡಗು ಕಂಪನಿ ಒಪ್ಪಬೇಕು, ಆ ದೇಶದ ಪ್ರವೇಶ ಪತ್ರಗಳು ಕೈಯಲ್ಲಿರಬೇಕು, ಅದೇ ದಿನ ಅಷ್ಟು ಜನಕ್ಕೆ ವಿಮಾನದಲ್ಲಿ ಸೀಟು ಸಿಗಬೇಕು. ಜನವರಿಯಲ್ಲಿ ಆ ರಾತ್ರಿಯಿಡೀ ಪ್ರಯತ್ನಿಸಿದವರು ನಾವು, ಆದ್ದರಿಂದ ಇಷ್ಟು ಖಚಿತವಾಗಿ ಹೇಳುತ್ತಿದ್ದೇವೆ.

ಹಿಂದಿರುಗುವ ದಿನಕ್ಕೂ ಇದೇ ಎಚ್ಚರ. ಹಡಗು ಬೆಳಿಗ್ಗೆ ಏಳಕ್ಕೆ ದಡ ಸೇರಿದರೂ ಜನರನ್ನು ಸರದಿಯ ಮೇಲೆ ಇಳಿಸುತ್ತಾರೆ. ಮಧ್ಯಾಹ್ನ ಎರಡಕ್ಕಿಂತ ಮೊದಲಿನ ವಿಮಾನವನ್ನು ನಾವು ಕಾಯ್ದಿರಿಸುವುದಿಲ್ಲ. ಇದರ ಬಗ್ಗೆ ಯಾರೂ ಜಗಳ ಮಾಡಿಲ್ಲ, ಹಾಗಾಗಿ ಇಷ್ಟೇ ಸಾಕು.

ಕೋಣೆಗಳ ವಿಷಯದಲ್ಲೂ ಒಂದು ಬದಲಾವಣೆ ಇದೆ. ‘ಗ್ಯಾರಂಟಿ’ ದರದ ಕೋಣೆಗಳನ್ನು ಇನ್ನು ಮೇಲೆ ನೀವು ಬರವಣಿಗೆಯಲ್ಲಿ ಒಪ್ಪಿದರೆ ಮಾತ್ರ ಕೊಡುತ್ತೇವೆ. ನಮ್ಮ ರಾಜ್ಯದಲ್ಲಿ ಗ್ಯಾರಂಟಿ ಎಂಬ ಮಾತಿಗೆ ಬೇರೆಯೇ ಅರ್ಥ ಬಂದಿದೆ. ಹಡಗಿನಲ್ಲಿ ಅದರ ಅರ್ಥ ಇಷ್ಟು: ನೀವು ಹಣ ಕೊಟ್ಟ ದರ್ಜೆಯ ಒಂದು ಕೋಣೆ ಸಿಗುವುದು ಖಚಿತ, ಯಾವುದು, ಎಲ್ಲಿ ಎಂಬುದು ಅವರ ಇಷ್ಟ. ಅಗ್ಗ ನಿಜ. ಆದರೆ ಅಣ್ಣತಮ್ಮಂದಿರ ಎರಡು ಸಂಸಾರಕ್ಕೆ ಹಡಗಿನ ಈ ತುದಿಗೊಂದು, ಆ ತುದಿಗೊಂದು ಕೋಣೆ ಬಂದಾಗ ಬೈಸಿಕೊಂಡವರು ನಾವು. ಇನ್‌ಸೈಡ್ ಎಂದರೆ ಕಿಟಕಿಯೇ ಇಲ್ಲದ ಕೋಣೆ. ದೀಪ ಆರಿಸಿದರೆ ಹಗಲೋ ರಾತ್ರಿಯೋ ತಿಳಿಯುವುದಿಲ್ಲ. ಮಲಗಲು ಮಾತ್ರ ಕೋಣೆ ಬೇಕು ಎನ್ನುವವರಿಗೆ ಅದು ಧಾರಾಳವಾಗಿ ಸಾಕು, ನಾವೂ ಅದರಲ್ಲೇ ಹೋಗುತ್ತೇವೆ. ಮುಚ್ಚಿದ ಕೋಣೆಯಲ್ಲಿ ಉಸಿರು ಕಟ್ಟಿದಂತಾಗುವ ಹಿರಿಯರಿದ್ದರೆ ಬಾಲ್ಕನಿ ತೆಗೆದುಕೊಳ್ಳಿ. ವಾಂತಿಯ ಭಯವಿರುವವರು ಬಸ್ಸನ್ನು ನೆನಪಿಸಿಕೊಳ್ಳಿ: ಹಿಂದಿನ ಸೀಟಿನಲ್ಲಿ ಕೂತವನು ಹೆಚ್ಚು ಎಗರುತ್ತಾನೆ, ನಡುವೆ ಕೂತವನು ಕಡಿಮೆ. ಹಡಗಿನಲ್ಲೂ ನಡುಭಾಗದ, ಕೆಳಗಿನ ಅಂತಸ್ತಿನ ಕೋಣೆಗೆ ಅಲುಗಾಟ ಕಡಿಮೆ. ಹೆಚ್ಚು ಹಣ ಕೊಟ್ಟು ಮೇಲಿನ ಅಂತಸ್ತಿನ ಮುಂದಿನ ತುದಿ ಹಿಡಿದವರೇ ಹೆಚ್ಚು ಓಲಾಡುವುದು. ಈಜುಕೊಳದ ಕೆಳಗಿನ ಅಂತಸ್ತು ಬೇಡ, ಬೆಳಗಾಗುವ ಮೊದಲೇ ತಲೆಯ ಮೇಲೆ ಕುರ್ಚಿ ಎಳೆಯುವ ಸದ್ದು ಶುರುವಾಗುತ್ತದೆ.

ದರದ ಬಗ್ಗೆ ಬರೆಯದಿದ್ದರೆ ಈ ಪತ್ರ ಬರೆದೂ ಪ್ರಯೋಜನವಿಲ್ಲ. ಹಡಗಿನ ದರ ತಲೆಗೆ ಇಷ್ಟು ಎಂದು ಹಾಕುವಾಗ ಒಂದು ಕೋಣೆಯಲ್ಲಿ ಇಬ್ಬರು ಎಂದು ಲೆಕ್ಕ ಹಾಕುತ್ತಾರೆ. ಒಬ್ಬರೇ ಹೋದರೆ ಹೆಚ್ಚುಕಡಿಮೆ ಇಬ್ಬರ ಹಣ ಕೊಡಬೇಕು. ಈ ನಿಯಮ ಮಾಡಿದವರು ನಾವಲ್ಲ. ಹಡಗಿನ ಕೆಲಸಗಾರರ ಹೆಸರಿನಲ್ಲಿ ತಲೆಗೆ, ರಾತ್ರಿಗೆ ಇಷ್ಟು ಎಂದು ಟಿಪ್ಸ್ ಹಣವನ್ನು ನಿಮ್ಮ ಕೋಣೆಯ ಲೆಕ್ಕಕ್ಕೇ ಸೇರಿಸುತ್ತಾರೆ, ಅದೂ ಡಾಲರಿನಲ್ಲಿ. ಬಂದರಿನ ಶುಲ್ಕ ಬೇರೆ.

ಎಲ್ಲಕ್ಕಿಂತ ಹೆಚ್ಚು ಬೈಗುಳ ತಂದುಕೊಟ್ಟದ್ದು ಟಿ.ಸಿ.ಎಸ್., ಅಂದರೆ ಮಾರಾಟದ ವೇಳೆಯೇ ಪಡೆಯುವ ಆದಾಯ ತೆರಿಗೆ. ವಿದೇಶ ಪ್ರವಾಸದ ಪ್ಯಾಕೇಜಿನ ಮೇಲೆ ಈ ತೆರಿಗೆಯನ್ನು ನಿಮ್ಮಿಂದ ಪಡೆದು ಸರ್ಕಾರಕ್ಕೆ ಕಟ್ಟಬೇಕೆಂಬ ಕಾನೂನು 2020ರ ಅಕ್ಟೋಬರ್‌ನಿಂದ ಇದೆ. 2025-26ರ ಆರ್ಥಿಕ ವರ್ಷದಲ್ಲಿ ಒಬ್ಬರಿಗೆ 10 ಲಕ್ಷದವರೆಗೆ ನೂರಕ್ಕೆ 5, ಅದಕ್ಕೆ ಮೇಲ್ಪಟ್ಟ ಮೊತ್ತಕ್ಕೆ ನೂರಕ್ಕೆ 20 ಇತ್ತು. ಆ ಲೆಕ್ಕಕ್ಕೆ ನಾಲ್ಕು ಲಕ್ಷದ ಪ್ಯಾಕೇಜಿಗೆ 20,000 ರೂಪಾಯಿ. ಈ ಇಪ್ಪತ್ತು ಸಾವಿರದಿಂದ ನಮ್ಮ ಗಲ್ಲಾಪೆಟ್ಟಿಗೆಗೆ ಒಂದು ರೂಪಾಯಿಯೂ ಲಾಭವಿಲ್ಲ. ಅದು ನಿಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾಗುತ್ತದೆ, ಆದಾಯ ತೆರಿಗೆ ಇಲಾಖೆಯಲ್ಲಿರುವ ನಿಮ್ಮ ತೆರಿಗೆ ಲೆಕ್ಕದಲ್ಲಿ ಕಾಣುತ್ತದೆ. ರಿಟರ್ನ್ ಸಲ್ಲಿಸುವಾಗ ನಿಮ್ಮ ತೆರಿಗೆಯಲ್ಲಿ ವಜಾ ಆಗುತ್ತದೆ, ತೆರಿಗೆ ಬರದಿದ್ದರೆ ಹಣ ವಾಪಸ್ ಬರುತ್ತದೆ. ಆದಾಯವಿಲ್ಲದ ತಾಯಿಯವರ ಹೆಸರಿನಲ್ಲಿ ಕಟ್ಟಿದ್ದರೆ, ಅವರ ಹೆಸರಿನಲ್ಲೇ ರಿಟರ್ನ್ ಸಲ್ಲಿಸಿ ಪಡೆಯಬಹುದು. ಇದನ್ನು ಬಿಲ್ಲು ಕೊಡುವಾಗಲೇ ವಿವರಿಸದೆ ಇದ್ದದ್ದು ನಮ್ಮ ಕಡೆಯ ಸೋಮಾರಿತನ. ಇನ್ನು ಮೇಲೆ ವಿಮಾನ, ಕೋಣೆ, ಹೋಟೆಲು, ವೀಸಾ, ಜಿ.ಎಸ್.ಟಿ., ಟಿ.ಸಿ.ಎಸ್. ಎಲ್ಲವೂ ಬಿಲ್ಲಿನಲ್ಲಿ ಬೇರೆ ಬೇರೆ ಸಾಲಿನಲ್ಲಿರುತ್ತವೆ. ನಮ್ಮ ಸೇವಾ ಶುಲ್ಕವೂ ಕಾಣುತ್ತದೆ, ನೋಡಿ.

ತಯಾರಿಯ ಬಗ್ಗೆ ಹೊರಡುವ ವಾರ ನಮ್ಮ ಕಚೇರಿಯ ಹುಡುಗಿ ಫೋನ್ ಮಾಡಿ ಹೇಳುತ್ತಾಳೆ, ಆದರೂ ಮರೆಯುವ ಕೆಲವನ್ನು ಇಲ್ಲಿ ಹೇಳುತ್ತೇವೆ. ಪ್ರವಾಸದ ದಿನದಿಂದ ಮುಂದೆ ಆರು ತಿಂಗಳಾದರೂ ಪಾಸ್‌ಪೋರ್ಟಿಗೆ ಜೀವವಿರಬೇಕು. ಸಿಂಗಪುರದ ಆಗಮನ ಪತ್ರವನ್ನು ತಲುಪುವ ಮೊದಲಿನ ಮೂರು ದಿನಗಳೊಳಗೆ ಮೊಬೈಲಿನಲ್ಲಿ ತುಂಬಬೇಕು. ಅದು ಉಚಿತ, ಹಣ ಕೇಳುವ ಜಾಲತಾಣ ಕಂಡರೆ ಮುಚ್ಚಿಬಿಡಿ. ಬಂದರಿನಲ್ಲಿ ಕೊಟ್ಟ ದೊಡ್ಡ ಪೆಟ್ಟಿಗೆ ಕೋಣೆಗೆ ಬರುವಾಗ ಸಂಜೆಯಾಗುತ್ತದೆ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ, ವೈದ್ಯರ ಚೀಟಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ಒಯ್ಯಬೇಡಿ. ಬೆಂಕಿಯ ಭಯಕ್ಕೆ ಹಡಗಿನವರು ತೆಗೆದಿಟ್ಟುಕೊಂಡು ಇಳಿಯುವಾಗ ಕೊಡುತ್ತಾರೆ. ಗುಟ್ಕಾ, ಜಗಿಯುವ ತಂಬಾಕು ಸಿಂಗಪುರದಲ್ಲಿ ಅಪರಾಧ. ಯಾರಿಗೆ ಹೇಳುತ್ತಿದ್ದೇವೆ ಎಂದು ಅವರಿಗೇ ಗೊತ್ತಿದೆ. ದುಬೈ ಕಡೆ ಹೋಗುವವರು ಗಸಗಸೆ ಹಾಕಿದ ಯಾವ ತಿಂಡಿಯನ್ನೂ ಕಟ್ಟಿಕೊಳ್ಳಬೇಡಿ, ಅಲ್ಲಿ ಅದು ಮಾದಕ ವಸ್ತುವಿನ ಪಟ್ಟಿಯಲ್ಲಿದೆ. ಹಡಗು ಹತ್ತಿದೊಡನೆ ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಸಮುದ್ರದ ನಡುವೆ ಉಪಗ್ರಹದ ಜಾಲ ಹಿಡಿದುಕೊಂಡರೆ ಬರುವ ಬಿಲ್ಲು ನೋಡಲಾಗುವುದಿಲ್ಲ. ಹಡಗಿನ ವೈದ್ಯರ ಶುಲ್ಕವೂ ಡಾಲರಿನಲ್ಲೇ, ಆದ್ದರಿಂದ ಹಡಗು ಪ್ರವಾಸವನ್ನೂ ಒಳಗೊಂಡ ವಿಮೆ ಇಲ್ಲದವರನ್ನು ನಾವು ಕಳಿಸುವುದಿಲ್ಲ.

ಮೊದಲ ದಿನ ರಕ್ಷಣಾ ಕವಾಯತು ಎಂದು ಕರೆದರೆ ಹೋಗಿ. 2012ರ ಜನವರಿಯಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಪ್ರವಾಸಿ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಆಗಷ್ಟೇ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಕವಾಯತು ಇನ್ನೂ ನಡೆದೇ ಇರಲಿಲ್ಲ. ಅದಾದ ಮೇಲೆಯೇ ಹಡಗು ಹೊರಡುವ ಮೊದಲು, ಇಲ್ಲವೇ ಹೊರಟ ಕೂಡಲೇ ಕವಾಯತು ಆಗಬೇಕೆಂಬ ನಿಯಮ ಬಂದದ್ದು.

ಈಗಾಗಲೇ ಪೂರ್ತಿ ಹಣ ಕಟ್ಟಿರುವವರಿಗೆ ಬೆಲೆ ಏರುವುದಿಲ್ಲ. ನಿಮ್ಮ ಹೋಟೆಲಿನ ರಾತ್ರಿ ನಮ್ಮ ಲೆಕ್ಕದಲ್ಲಿ. ಟಿಕೆಟಿನ ದಿನಾಂಕ ಬದಲಿಸುವ ಖರ್ಚಿನಲ್ಲಿ ಅರ್ಧ ನಮ್ಮದು, ಅರ್ಧ ನಿಮ್ಮದು. ಮುಂಗಡ ಮಾತ್ರ ಕೊಟ್ಟಿರುವವರು ಈ ಕ್ರಮ ಒಪ್ಪಿಗೆಯಾಗದಿದ್ದರೆ ಸೆಪ್ಟೆಂಬರ್ 30ರೊಳಗೆ ತಿಳಿಸಿ, ಮುಂಗಡವನ್ನು ಕಡಿತವಿಲ್ಲದೆ ಹಿಂದಿರುಗಿಸುತ್ತೇವೆ. ಅದೇ ದಿನದ ವಿಮಾನವೇ ಬೇಕು ಎನ್ನುವವರಿಗೆ ಊರಿನಲ್ಲಿ ಬೇರೆ ಏಜೆಂಟರಿದ್ದಾರೆ, ನಮಗೆ ಬೇಸರವಿಲ್ಲ. ಸ್ವಲ್ಪ ಇದೆ.

ಡಿಸೆಂಬರಿನ ತಂಡದವರು ಬರುವ ಭಾನುವಾರ ಬೆಳಿಗ್ಗೆ ಪಾಸ್‌ಪೋರ್ಟ್ ಹಿಡಿದು ಕಚೇರಿಗೆ ಬನ್ನಿ. ಕೋಣೆಗಳ ನಕ್ಷೆಯನ್ನು ದೊಡ್ಡದಾಗಿ ಮುದ್ರಿಸಿ ಮೇಜಿನ ಮೇಲೆ ಹಾಸಿರುತ್ತೇವೆ, ಯಾವುದು ಬೇಕೆಂದು ನೀವೇ ಬೆರಳಿಟ್ಟು ತೋರಿಸಿ. ಮೆಟ್ಟಿಲು ಹತ್ತಲಾಗದ ಹಿರಿಯರು ಕೆಳಗಿನ ಔಷಧಿ ಅಂಗಡಿಯ ಬಳಿ ನಿಂತು ಒಂದು ಕರೆ ಮಾಡಿದರೆ ನಾವೇ ಇಳಿದು ಬರುತ್ತೇವೆ.

ನಿಮ್ಮ ವಿಶ್ವಾಸಿ,
ಪ್ರವಾಸ ಕಚೇರಿಯ ಮಾಲೀಕ